ಸಂಪಾದಕರ ನಾಲ್ಕು ಹಲ್ಲು

ಸಂಪಾದಕರ ಮೇಲ್ದವಡೆಯ ಮುಂದಿನ ನಾಲ್ಕು ಹಲ್ಲು ಅವರವಲ್ಲ. ನಾನು ಮಾಡಿಕೊಟ್ಟವು. ಈ ಸಂಗತಿ ಅವರ ಹೆಂಡತಿ, ನಮ್ಮ ಡಾಕ್ಟರಮ್ಮ ಮತ್ತು ನನ್ನನ್ನು ಬಿಟ್ಟರೆ ಮತ್ತೊಬ್ಬರಿಗೆ ಗೊತ್ತಿರಲಿಲ್ಲ. ಈಗ ನಿಮಗೂ ಗೊತ್ತಾಯಿತು. ಗೊತ್ತಾಗಲಿ ಬಿಡಿ. ಅವರ ಗುಟ್ಟು ಕಾದು ಕಾದು ನನಗೆ ಸಾಕಾಗಿದೆ.

ನನ್ನದು ಹಲ್ಲು ಕಟ್ಟುವ ಕಸುಬು. ಡಾಕ್ಟರಮ್ಮ ಮುಂದಿನ ಕೋಣೆಯಲ್ಲಿ ಕೀಳುತ್ತಾರೆ, ನಾನು ಹಿಂದಿನ ಕೋಣೆಯಲ್ಲಿ ಕಟ್ಟುತ್ತೇನೆ. ಹತ್ತಡಿ ಅಗಲದ ಕೋಣೆ. ಕಿಟಕಿಯ ಪಕ್ಕ ಒಂದು ಬೆಂಚು, ಅದರ ಮೇಲೆ ಗುಲಾಬಿ ಮೇಣದ ಹಾಳೆಗಳು, ಸ್ಪಿರಿಟ್ ದೀಪ, ಉಜ್ಜುವ ಮೋಟಾರು. ಎದುರಿನ ಗೋಡೆಯ ತುಂಬ ಕಪಾಟು, ಕಪಾಟಿನ ತುಂಬ ಪ್ಲಾಸ್ಟರ್ ಅಚ್ಚುಗಳು. ಇಪ್ಪತ್ತೆರಡು ವರ್ಷದಲ್ಲಿ ಈ ಊರಿನ ಎಷ್ಟೋ ಬಾಯಿಗಳು ಅಲ್ಲಿ ಬಂದು ಕೂತಿವೆ. ಪ್ರತಿಯೊಂದರ ಹಿಂದೆ ಚಾಕುವಿನಿಂದ ತಾರೀಖು ಗೀರಿಡುವುದು ನನ್ನ ಅಭ್ಯಾಸ. ‘ನಿನ್ನ ಕೋಣೆಗೆ ಬಂದರೆ ಊರಿಗೆ ಊರೇ ನನ್ನನ್ನು ನೋಡಿ ಹಲ್ಲು ಕಿರಿಯುತ್ತೆ ಕಣೇ ಅಕ್ಕ’ ಎಂದು ನನ್ನ ತಮ್ಮ ನಗುತ್ತಿದ್ದ.

ತಮ್ಮನನ್ನು ಮನೆಯಲ್ಲಿ ಕರೆಯುವುದು ಮೊಲ ಎಂದು. ಮುಂದಿನ ಎರಡು ಹಲ್ಲು ದೊಡ್ಡವು, ಅದಕ್ಕೇ ಆ ಹೆಸರು. ಅವನಿಗೆ ಹತ್ತು ವರ್ಷವಾಗಿದ್ದಾಗ ಸೈಕಲ್ಲಿನಿಂದ ಬಿದ್ದು ಅದರಲ್ಲೊಂದು ಅರ್ಧಕ್ಕೆ ಮುರಿಯಿತು. ಸೈಕಲ್ ತುಳಿಯುತ್ತಿದ್ದವಳು ನಾನು, ಹಿಂದೆ ಕೂತಿದ್ದವನು ಅವನು. ನಾನು ಈ ಕಸುಬಿಗೆ ಬಂದದ್ದೇ ಆ ಹಲ್ಲಿನ ಋಣದಿಂದ ಎನ್ನಬಹುದು. ಕಲಿತ ಮೇಲೆ ಮೊದಲು ಮಾಡಿದ್ದು ಅವನ ಮುರಿದ ಹಲ್ಲಿಗೆ ತೊಡಿಸುವ ಟೊಪ್ಪಿಯನ್ನೇ. ಆಗ ಬಣ್ಣ ಹೊಂದಿಸಲು ಬರುತ್ತಿರಲಿಲ್ಲ, ಸುಣ್ಣ ಬಳಿದ ಹಾಗೆ ಬೆಳ್ಳಗೆ ಬಂತು. ಉಳಿದ ಹಲ್ಲೆಲ್ಲ ಒಂದು ಬಣ್ಣ, ಅದೊಂದು ಟ್ಯೂಬ್‌ಲೈಟು. ಬದಲಾಯಿಸಿಕೊಡುತ್ತೇನೆ ಎಂದು ಎಷ್ಟು ಸಲ ಗೋಗರೆದರೂ ಅವನು ಒಪ್ಪಲಿಲ್ಲ.

“ಇರ್ಲಿ ಬಿಡೇ ಅಕ್ಕ. ಎಲ್ಲಾದ್ರೂ ಕಳೆದುಹೋದ್ರೆ ಹುಡುಕೋಕೆ ಸುಲಭ” ಎನ್ನುತ್ತಿದ್ದ.

ಅವನು ಸಂಪಾದಕರ ಪತ್ರಿಕೆಗೆ ಏಳು ವರ್ಷ ಬರೆದ. ಒಳ್ಳೆಯ ಸುದ್ದಿಗಳನ್ನೇ ತಂದ. ಆದರೆ ಪತ್ರಿಕೆಯ ಗುರುತಿನ ಕಾರ್ಡು ಮಾತ್ರ ಅವನ ಕೊರಳಿಗೆ ಬೀಳಲಿಲ್ಲ. ‘ಮುಂದಿನ ತಿಂಗಳು ನೋಡೋಣ’ ಎಂದು ಸಂಪಾದಕರು ಏಳು ವರ್ಷ ಮೂಗಿಗೆ ತುಪ್ಪ ಸವರಿದರು. ಅವನಿಗೆ ಅವರೆಂದರೆ ಪ್ರಾಣ. ನಮಗೆ ಅಪ್ಪ ಇಲ್ಲ, ಆ ಜಾಗದಲ್ಲಿ ಅವರನ್ನು ಕೂರಿಸಿಕೊಂಡಿದ್ದ. ಅವರೂ ತಿಂಗಳಿಗೊಮ್ಮೆ ನಮ್ಮ ಮನೆಗೆ ಊಟಕ್ಕೆ ಬರುವರು. ಅಮ್ಮನ ಕೈಯಡುಗೆಯನ್ನು ಹೊಗಳಿ ಎರಡನೇ ಸಲ ಬಡಿಸಿಕೊಳ್ಳುವರು.

ಗಡಿಯಾಚೆಯ ದೇಶದ ಬಂದರಿನಲ್ಲಿ ಒಂದು ಹಡಗು ಮುಳುಗಿ, ಸತ್ತವರ ಲೆಕ್ಕವನ್ನು ಅಲ್ಲಿಯವರು ಮುಚ್ಚಿಡುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಸಂಪಾದಕರು ಮೂವರನ್ನು ಕಳಿಸಿದರು. ಹಿರಿಯ ವರದಿಗಾರ, ಫೋಟೋ ತೆಗೆಯುವವನು, ನನ್ನ ತಮ್ಮ. ಪತ್ರಕರ್ತರೆಂದು ಹೋಗಲು ಅನುಮತಿ ಸಿಕ್ಕಿದ್ದು ಇಬ್ಬರಿಗೆ ಮಾತ್ರ. ‘ನೀನು ಪ್ರವಾಸಿ ಅಂತ ಹೋಗಿಬಾ. ಬಂದ ಮೇಲೆ ಕಾರ್ಡು ನಾನೇ ಕೊರಳಿಗೆ ಹಾಕ್ತೀನಿ’ ಎಂದು ತಮ್ಮನಿಗೆ ಹೇಳಿದರು. ಹೇಳಿದ್ದು ನಮ್ಮ ಮನೆಯ ಊಟದ ಮೇಜಿನ ಮುಂದೆ, ನನ್ನ ಕಿವಿಯಾರೆ ಕೇಳಿದ್ದೇನೆ. ಹೋದ ಆರನೇ ದಿನ ಮೂವರನ್ನೂ ಅಲ್ಲಿಯ ಪೊಲೀಸರು ಹಿಡಿದರು.

ಆಮೇಲೆ ಶುರುವಾಯಿತು ಬಾಯಿಗೆ ಬೀಗ ಹಾಕಿಕೊಂಡ ಒಂಬತ್ತು ತಿಂಗಳು.

ವಿದೇಶ ವ್ಯವಹಾರದ ಇಲಾಖೆಯ ಮೂರನೇ ಮಹಡಿಯಲ್ಲಿ ಫಲಕವಿಲ್ಲದ ಒಂದು ಬಾಗಿಲಿದೆ. ಒಳಗೆ ಹೋಗುವ ಮುಂಚೆ ಫೋನನ್ನು ತಗಡಿನ ಪೆಟ್ಟಿಗೆಗೆ ಹಾಕಬೇಕು. ಅಲ್ಲಿದ್ದ ಅಧಿಕಾರಿಗೆ ನಾನಿಟ್ಟ ಹೆಸರು ಮೆತ್ತನೆ ಸಾಹೇಬರು. ದನಿ ಮೆತ್ತಗೆ, ಕೈ ಮೆತ್ತಗೆ, ಕೂತ ಕುರ್ಚಿಯೂ ಮೆತ್ತಗೆ. ಎದುರಿಗೆ ಕೂರುವವರಿಗೆ ಮಾತ್ರ ಮರದ ಕುರ್ಚಿ.

“ನೋಡಿ ಮೇಡಂ, ಅವರ ಮೂವರು ಪತ್ರಕರ್ತರು ನಮ್ಮ ಹತ್ರ ಇದ್ದಾರೆ, ನಮ್ಮ ಮೂವರು ಅವರ ಹತ್ರ ಇದ್ದಾರೆ” ಎಂದು ಮೊದಲ ದಿನವೇ ಹೇಳಿದ್ದರು. “ಪತ್ರಕರ್ತನಿಗೆ ಪತ್ರಕರ್ತ, ಅಷ್ಟೇ ಮಾತು. ಆದ್ರೆ ಈ ಮಾತುಕತೆ ನಡೀತಾನೇ ಇಲ್ಲ. ಇಲ್ಲ ಅಂತ ಎರಡೂ ಕಡೆಯವರು ಹೇಳ್ತಿರೋದ್ರಿಂದಲೇ ನಡೀತಿದೆ. ಅರ್ಥ ಆಯ್ತಲ್ಲ?”

ಅರ್ಥವಾಯಿತು. ಅಧಿಕಾರಿಗಳು ನೇರವಾಗಿ ಭೇಟಿಯಾಗುವ ಹಾಗಿಲ್ಲವಂತೆ. ಆ ಕಡೆಯ ಒಂದು ಪತ್ರಿಕೆಯ ಸಂಪಾದಕರೂ ನಮ್ಮ ಸಂಪಾದಕರೂ ಒಂದು ಕಾಲದಲ್ಲಿ ಒಟ್ಟಿಗೆ ಓದಿದವರು. ಇಬ್ಬರೂ ಮೂರನೆಯ ದೇಶದ ಯಾವುದೋ ಹೋಟೆಲಿನಲ್ಲಿ ಕೂತು ಹೆಸರುಗಳ ಪಟ್ಟಿ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಅಂದರೆ ನನ್ನ ತಮ್ಮನ ಜೀವ ಅವನ ಗುರುಗಳ ಕೈಯಲ್ಲೇ ಇತ್ತು. ಇದನ್ನು ಕೇಳಿ ಆ ದಿನ ನಾನು ನೆಮ್ಮದಿಯ ಉಸಿರು ಬಿಟ್ಟಿದ್ದೆ, ನೆನಪಿದೆ.

ಒಂದು ಸುದ್ದಿ ಹೊರಗೆ ಬಿದ್ದರೂ ಎಲ್ಲ ಮುರಿದುಬೀಳುತ್ತದೆ ಎಂದು ಹೇಳಿದ್ದರು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಬೇರೆ ಪತ್ರಿಕೆಯ ವರದಿಗಾರ್ತಿಯೊಬ್ಬಳು ವಾಸನೆ ಹಿಡಿದು ನನ್ನ ಕೋಣೆಗೇ ಬಂದಳು. ‘ಮೂವರು ಅಂತ ಕೇಳಿದೆ, ಮೂರನೆಯವರು ನಿಮ್ಮ ತಮ್ಮನಾ?’ ಎಂದಳು. ‘ಹಲ್ಲು ನೋವಿದ್ದರೆ ಮುಂದಿನ ಕೋಣೆಗೆ ಹೋಗಮ್ಮ’ ಎಂದು ಗದರಿ ಕಳಿಸಿದೆ. ಪಾಪ, ಹೋಗುವಾಗ ಬೆಂಚಿನ ಮೇಲೆ ತನ್ನ ಫೋನ್ ನಂಬರಿದ್ದ ಕಾರ್ಡು ಇಟ್ಟು ಹೋದಳು. ನಾನದನ್ನು ಸ್ಪಿರಿಟ್ ದೀಪದ ಅಡಿಗೆ ತಳ್ಳಿದೆ.

ಆ ಮಂಗಳವಾರ ಮೆತ್ತನೆ ಸಾಹೇಬರು ಕರೆಸಿದರು. ಹೊರಗಿನ ಬೆಂಚಿನ ಮೇಲೆ ಫೋಟೋದವನ ಹೆಂಡತಿ ಕೂತಿದ್ದಳು. ಗಂಡ ಹಿಡಿಯಲ್ಪಟ್ಟಾಗ ಅವಳು ಐದು ತಿಂಗಳ ಬಸುರಿ. ಈಗ ತೊಡೆಯ ಮೇಲೆ ಐದು ತಿಂಗಳ ಮಗಳು. ನನ್ನನ್ನು ಕಂಡವಳೇ ಕೈ ಹಿಡಿದು ಕಿವಿಯಲ್ಲಿ, “ಶುಕ್ರವಾರ ಅಂತೆ ಅಕ್ಕ! ಅವರು ಇವಳ ಮುಖಾನೇ ನೋಡಿಲ್ಲ” ಎಂದಳು.

ಒಳಗೆ ಸಾಹೇಬರು ಒಂದು ಲಕೋಟೆಯಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟರು, ಮೇಲೆ ಒಂದು ಬೆರಳನ್ನೂ ಇಟ್ಟರು.

“ಹೋದ ವಾರದ್ದು. ಕೊಡೋ ಹಾಗಿಲ್ಲ, ನೋಡಿ ಅಷ್ಟೇ. ಶುಕ್ರವಾರ ಎಲ್ಲ ಮುಗಿಯುತ್ತೆ. ಇನ್ನು ಮೂರು ದಿನ ಹೀಗೇ ಸುಮ್ಮನಿದ್ದುಬಿಡಿ ಮೇಡಂ.”

ಮೊಲ. ನಸುಹಸಿರು ಗೋಡೆಗೆ ಒರಗಿ ನಿಂತಿದ್ದಾನೆ. ಕೊಂಚ ನಕ್ಕಿದ್ದಾನೆ. ನಾನು ಅವನ ಕಣ್ಣುಗಳನ್ನೇ ನೋಡಿದೆ. ನಿದ್ದೆ ಮಾಡಿದ್ದಾನೋ ಇಲ್ಲವೋ, ಹೊಡೆದಿದ್ದಾರೋ, ಹೆದರಿದ್ದಾನೋ ಎಂದು ಕಣ್ಣುಗಳಲ್ಲೇ ಹುಡುಕಿದೆ. ನೋಡುತ್ತ ನೋಡುತ್ತ ನನ್ನ ಕಣ್ಣೇ ಮಂಜಾಯಿತು. ಅವನ ಹಿಂದಿನ ಜೈಲುಗೋಡೆಯಲ್ಲಿ ಅಲ್ಲಲ್ಲಿ ಸುಣ್ಣ ಕಿತ್ತಿತ್ತು. ಸಾಹೇಬರು ಕರವಸ್ತ್ರ ಕೊಟ್ಟರು, ಅದೂ ಮೆತ್ತಗಿತ್ತು. ಕಾಲು ಮುಟ್ಟುವುದೊಂದು ಬಾಕಿ, ಅಷ್ಟು ಸಲ ಅವರಿಗೆ ಧನ್ಯವಾದ ಹೇಳಿ ಹೊರಬಿದ್ದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

“ಸೊರಗಿದ್ದಾನಾ?”

“ಅಷ್ಟೇನಿಲ್ಲ.”

“ಗಡ್ಡ?”

“ಇಲ್ಲಮ್ಮ, ನುಣ್ಣಗೆ ಬೋಳಿಸಿದ್ದ.”

“ನಗ್ತಿದ್ನಾ? ಅವನ ಟ್ಯೂಬ್‌ಲೈಟು ಕಾಣ್ತಿತ್ತಾ?”

“ಹೂಂ ಅಮ್ಮ, ಬೆಳ್ಳಗೆ ಹೊಳೀತಿತ್ತು” ಎಂದೆ. ಅಂದವಳ ಎದೆ ಧಸಕ್ಕೆಂದಿತು.

ಅಮ್ಮನಿಗೆ ತಿಳಿಯದ ಒಂದು ವಿಷಯವಿತ್ತು. ಹೊರಡುವ ನಾಲ್ಕು ದಿನ ಮುಂಚೆ ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತವನ ಆ ಬಿಳಿ ಟೊಪ್ಪಿ ಚೂರಾಗಿ ಕೈಗೆ ಬಂದಿತ್ತು. ಓಡಿಬಂದ. ನಾನು ಅಳತೆ ತೆಗೆದು ಹೊಸದು ಕೂರಿಸಿದೆ. ಈ ಸಲ ಬಣ್ಣ ಹೊಂದಿಸಿ, ಪಕ್ಕದ ಹಲ್ಲಿಗೂ ಇದಕ್ಕೂ ವ್ಯತ್ಯಾಸ ನನಗೇ ಕಾಣದ ಹಾಗೆ ಮಾಡಿದೆ. ‘ಅಮ್ಮನಿಗೆ ಹೇಳ್ಬೇಡ, ವಾಪಸ್ ಬಂದು ನಕ್ಕು ತೋರಿಸ್ತೀನಿ’ ಎಂದಿದ್ದ. ಹೊರಡುವ ಗಡಿಬಿಡಿಯಲ್ಲಿ ಅವನು ಮನೆಯಲ್ಲಿ ಸರಿಯಾಗಿ ಬಾಯಿ ತೆಗೆದದ್ದೇ ಇಲ್ಲ. ಹೋದ ವಾರ ಜೈಲಿನಲ್ಲಿ ತೆಗೆದ ಫೋಟೋದಲ್ಲಿ ಬಿಳಿ ಹಲ್ಲು ಎಲ್ಲಿಂದ ಬರಬೇಕು?

ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು. ದಾರಿಯಲ್ಲಿ ಹೋಗುವ ಅಪರಿಚಿತರ ಹಲ್ಲನ್ನೂ ಬಿಡದೆ ನೋಡುವ ಚಾಳಿ ನನ್ನದು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ಹಲ್ಲನ್ನು ಬಿಟ್ಟು ಕಣ್ಣನ್ನು ನೋಡಿದೆ, ಅದೇ ಸಲ ಕಣ್ಣಿಗೆ ಮಣ್ಣೆರಚಿಸಿಕೊಂಡೆ. ಆಮೇಲೆ ಗೋಡೆಯೂ ನೆನಪಿಗೆ ಬಂತು. ಆ ನಸುಹಸಿರು, ಆ ಸುಣ್ಣ ಕಿತ್ತ ಜಾಗ. ತಮ್ಮನ ಸುದ್ದಿ ಕೇಳಲು ಒಂಬತ್ತು ತಿಂಗಳಿಂದ ವಾರಕ್ಕೊಂದು ಸಲ ಅದರ ಪಕ್ಕದಲ್ಲೇ ಹತ್ತಿ ಇಳಿದಿದ್ದೇನೆ. ಅದು ಯಾವ ಜೈಲಿನದೂ ಅಲ್ಲ, ಸಂಪಾದಕರ ಕಚೇರಿಯ ಮೆಟ್ಟಿಲಿನ ಗೋಡೆ.

ಅಮ್ಮನಿಗೆ ಏನೂ ಹೇಳಲಿಲ್ಲ. ಅವಳು ಆಗಲೇ ಅವನ ಹಾಸಿಗೆಯ ಹೊದಿಕೆ ಒಗೆಯಲು ನೆನೆಹಾಕಿದ್ದಳು.

ಬುಧವಾರ ಬೆಳಗ್ಗೆ ಕೋಣೆಗೆ ಹೋದವಳೇ ತಮ್ಮನ ಅಚ್ಚು ಹುಡುಕಿ ತೆಗೆದೆ. ಹೊಸದರ ಹಿಂದೆ ತಾರೀಖು ಸರಿಯಾಗಿಯೇ ಇತ್ತು, ಅವನು ಹೊರಡುವ ನಾಲ್ಕು ದಿನ ಮುಂಚಿನದು. ಹಳೆಯದನ್ನೂ ಪಕ್ಕದಲ್ಲಿಟ್ಟುಕೊಂಡು ಕೂತಿದ್ದೆ, ಅಷ್ಟರಲ್ಲಿ ಹೊರಗೆ ಸಂಪಾದಕರ ದನಿ ಕೇಳಿತು. ಇವರು ಇವತ್ತು ಬರುತ್ತಾರೆಂದು ಡಾಕ್ಟರಮ್ಮ ಹೇಳಿದ್ದು ಮರೆತೇಹೋಗಿತ್ತು. ಭಾನುವಾರ ಅವರ ಹಲ್ಲುಸೆಟ್ಟು ವಾಶ್‌ಬೇಸಿನ್ನಿಗೆ ಬಿದ್ದು ಎರಡು ಹೋಳಾಗಿತ್ತಂತೆ. ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಒಳಗೆ ಬಂದರು.

“ಶುಕ್ರವಾರ ಕ್ಯಾಮೆರಾ ಮುಂದೆ ನಿಲ್ಲಬೇಕಮ್ಮ” ಎಂದರು. ಹಲ್ಲಿಲ್ಲದ ಸಂದಿಯಿಂದ ಮಾತಿನ ಜೊತೆ ಗಾಳಿಯೂ ಬರುತ್ತಿತ್ತು. “ಗುರುವಾರ ಸಂಜೆಯೊಳಗೆ ಆಗುತ್ತಾ?”

ಮೂರು ದಿನದ ಕೆಲಸ ಅದು. ಸೆಟ್ಟು ಮಾಡಿ ಆರು ವರ್ಷವಾಗಿತ್ತು, ಒಸಡು ಇಳಿದಿತ್ತು, ಹೊಸದಾಗಿ ಅಳತೆ ತೆಗೆಯಲೇಬೇಕು. ಡಾಕ್ಟರಮ್ಮ ಯಾರದೋ ದವಡೆಹಲ್ಲಿನ ಜೊತೆ ಗುದ್ದಾಡುತ್ತಿದ್ದರು, ಅಳತೆ ನೀನೇ ತಗೋ ಎಂದರು. ಸಂಪಾದಕರನ್ನು ಕುರ್ಚಿಯ ಮೇಲೆ ಕೂರಿಸಿದೆ. ಪುಡಿಗೆ ನೀರು ಹಾಕಿ ಗಟ್ಟಿಯಾಗಿ ಕಲಸಿ, ಟ್ರೇ ತುಂಬಿ, ಅವರ ಮೇಲ್ದವಡೆಗೆ ಒತ್ತಿ ಹಿಡಿದೆ.

“ಮೂರು ನಿಮಿಷ. ಅಲುಗಾಡಬೇಡಿ, ಮಾತಾಡಬೇಡಿ, ಮೂಗಲ್ಲಿ ಉಸಿರಾಡಿ” ಎಂದೆ. ಎಲ್ಲರಿಗೂ ಹೇಳುವ ಮಾತೇ ಅದು.

ಆಮೇಲೆ ಯಾರಿಗೂ ಹೇಳದ ಮಾತು ಹೇಳಿದೆ. “ಸರ್, ನಾನು ಕೇಳ್ತೀನಿ. ಹೌದಾದರೆ ಕಣ್ಣು ಮುಚ್ಚಿ, ಇಲ್ಲವಾದರೆ ತೆಗೆದೇ ಇರಿ.”

ಅವರು ಹುಬ್ಬು ಏರಿಸಿದರು. ಏನೋ ತಮಾಷೆ ಎಂದುಕೊಂಡಿರಬೇಕು.

“ಸಾಹೇಬರು ತೋರಿಸಿದ ಮೊಲನ ಫೋಟೋ ಹಳೇದು. ನಿಮ್ಮ ಮೆಟ್ಟಿಲ ಹತ್ರ ತೆಗೆದದ್ದು. ಅದನ್ನ ಕೊಟ್ಟಿದ್ದು ನೀವಾ?”

ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು. ಏಳಲು ನೋಡಿದರು. ನಾನು ಟ್ರೇಯನ್ನು ಇನ್ನಷ್ಟು ಒತ್ತಿದೆ. ಬಹಳ ಹೊತ್ತಿನ ಮೇಲೆ ಕಣ್ಣು ಮುಚ್ಚಿದರು.

“ಶುಕ್ರವಾರ ಬರೋರಲ್ಲಿ ಅವನಿದ್ದಾನಾ?”

ಕಣ್ಣು ತೆರೆದರು, ತೆರೆದೇ ಇದ್ದರು. ನಾನು ಎಣಿಸುತ್ತ ನಿಂತೆ. ಎಷ್ಟು ಎಣಿಸಿದರೂ ಆ ರೆಪ್ಪೆಗಳು ಮುಚ್ಚಲಿಲ್ಲ. ಕೊನೆಗೆ ರೆಪ್ಪೆಯಡಿಯಲ್ಲಿ ನೀರು ತುಂಬಿತು, ಆದರೂ ಮುಚ್ಚಲಿಲ್ಲ.

“ಬದುಕಿದ್ದಾನಾ?”

ಎರಡೂ ಕೈ ಮೇಲೆತ್ತಿ ಅಂಗೈ ತಿರುಗಿಸಿದರು. ಗೊತ್ತಿಲ್ಲ.

ಅಳತೆ ಗಟ್ಟಿಯಾಗಿತ್ತು. ಟ್ರೇ ಕಿತ್ತು ತೆಗೆದೆ. ಕೋಪದಲ್ಲಿ ಸ್ವಲ್ಪ ಜೋರಾಗಿಯೇ ಕಿತ್ತೆ, ಸುಳ್ಳು ಯಾಕೆ ಹೇಳಲಿ. ಅವರು ಬಾಯಿ ಮುಕ್ಕಳಿಸಿ ಉಗಿದು, ತಲೆ ತಗ್ಗಿಸಿ ಕೂತರು. ನಾನು ಬಾಗಿಲು ಹಾಕಿದೆ.

“ಹೇಳಿ” ಎಂದೆ.

“ಅವರು ಹಟ ಹಿಡಿದರಮ್ಮ. ಮೂರನೆಯವನು ಪತ್ರಕರ್ತ ಅಲ್ಲ, ಕಾರ್ಡಿಲ್ಲ, ಪ್ರವಾಸಿ ಅಂತ ಬಂದಿದ್ದಾನೆ, ಗೂಢಚಾರ ಇರಬೇಕು ಅಂದ್ರು. ನಿಮ್ಮವನು ಅನ್ನೋದಾದ್ರೆ ಪತ್ರಿಕೆ ಕಡೆಯಿಂದ ಬರೆದುಕೊಡಿ ಅಂದ್ರು.”

“ಬರೆದುಕೊಟ್ರಾ?”

“ಹೇಗೆ ಬರೀಲಿ? ಪತ್ರಿಕೆಯವನನ್ನ ಪ್ರವಾಸಿ ಅಂತ ಸುಳ್ಳು ಹೇಳಿ ಕಳಿಸಿದೆ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ. ಉಳಿದಿಬ್ಬರೂ ಕಳ್ಳರೇ ಅಂತ ಅವರು ತಿರುಗಿಬೀಳ್ತಾರೆ. ಪತ್ರಿಕೆ ಮುಚ್ಚಿಸ್ತಾರೆ. ನೀನೇ ಹೇಳು.”

“ಬರೆದುಕೊಡಲಿಲ್ಲ. ಅಷ್ಟೇ ತಾನೇ?”

ಅವರು ಕರವಸ್ತ್ರವನ್ನು ಮಡಚಿದರು, ಬಿಚ್ಚಿದರು. “ಬರೆದುಕೊಟ್ಟೆ. ಈ ವ್ಯಕ್ತಿ ನಮ್ಮ ಸಿಬ್ಬಂದಿ ಅಲ್ಲ, ನಾವು ಕಳಿಸಿದವನೂ ಅಲ್ಲ ಅಂತ.”

“ಯಾವಾಗ?”

“ಐದು ತಿಂಗಳಾಯ್ತು.”

ಐದು ತಿಂಗಳು. ಆ ಐದು ತಿಂಗಳಲ್ಲಿ ಐದು ಸಲ ನಮ್ಮ ಮನೆಗೆ ಊಟಕ್ಕೆ ಬಂದಿದ್ದಾರೆ. ಅಮ್ಮ ಅವನ ತಟ್ಟೆಯಲ್ಲೇ ಇವರಿಗೆ ಬಡಿಸುತ್ತಿದ್ದಳು, ಅವನ ಗುರುಗಳು ಉಂಡರೆ ಅವನೇ ಉಂಡಷ್ಟು ಸಮಾಧಾನವೆಂದು. ‘ಧೈರ್ಯವಾಗಿರಿ ಅಮ್ಮ, ಅವನನ್ನು ಕರ್ಕೊಂಡು ಬರೋ ಹೊಣೆ ನನ್ನದು’ ಎಂದು ಇವರು ಅಮ್ಮನ ಕೈ ಹಿಡಿದು ಹೇಳುತ್ತಿದ್ದರು. ಹೊಟ್ಟೆಯಲ್ಲಿ ಆ ಕಾಗದ ಇಟ್ಟುಕೊಂಡು ನಮ್ಮ ಅನ್ನ ಹೇಗೆ ಇಳಿಯಿತೋ ಕಾಣೆ. ನನಗೆ ಅವರ ಮೇಲೆ ಬಂದದ್ದು ಬರಿಯ ಸಿಟ್ಟಲ್ಲ, ಹೇಸಿಗೆ. ಅದಕ್ಕಿಂತ ಹೆಚ್ಚಿನ ಹೇಸಿಗೆ ನನ್ನ ಮೇಲೆಯೇ ಬಂತು. ಇವರನ್ನು ನಂಬಿ ಒಂಬತ್ತು ತಿಂಗಳು ಊರ ಮುಂದೆ ಮೂಕಿಯ ಹಾಗೆ ಓಡಾಡಿದ್ದೆ.

“ಫೋಟೋ ಯಾಕೆ?”

“ನೀನು ಶುಕ್ರವಾರದೊಳಗೆ ಗಲಾಟೆ ಮಾಡಿದ್ರೆ ಉಳಿದಿಬ್ಬರೂ ಬರೋದಿಲ್ಲ. ಸಾಹೇಬರು ಏನಾದ್ರೂ ಕೊಡಿ ಅಂದ್ರು. ನನ್ನ ಫೋನಲ್ಲಿ ಇದ್ದದ್ದು ಅದೊಂದೇ.”

“ಈಗಲೂ ಗಲಾಟೆ ಮಾಡಬಹುದು ಸರ್. ಒಂದು ಫೋನು ಸಾಕು.”

ಅವರು ಗಾಬರಿಯಿಂದ ಎದ್ದುನಿಂತರು. “ಬೇಡಮ್ಮ! ಆ ಹುಡುಗಿ ಮುಖ ನೆನೆಸಿಕೋ. ಆ ಮಗು ಇನ್ನೂ ಅಪ್ಪನ್ನ ನೋಡಿಲ್ಲ.”

ಇಲ್ಲಿ ನನ್ನ ಕೈ ಕಟ್ಟಿಹಾಕಿದರು. ಅವಳು ಹಿಂದಿನ ದಿನವಷ್ಟೇ ನನ್ನ ಕೈ ಹಿಡಿದಿದ್ದಳು. ಬಾಯಿ ತೆರೆದರೆ ಅವಳ ಗಂಡನನ್ನು ನಾನೇ ತಡೆದ ಹಾಗೆ, ಮುಚ್ಚಿಕೊಂಡರೆ ನನ್ನ ತಮ್ಮನನ್ನು ನಾನೇ ಬಿಟ್ಟ ಹಾಗೆ. ಅವನು ನಮ್ಮವನೆಂದು ಯಾರೂ ಹೇಳದಿದ್ದರೆ ಅಲ್ಲಿಯವರು ಅವನನ್ನು ಗೂಢಚಾರನೆಂದೇ ಇಟ್ಟುಕೊಳ್ಳುತ್ತಾರೆ. ಗೂಢಚಾರನಿಗೆ ಏನು ಮಾಡುತ್ತಾರೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಹಾಗಾದರೆ ನೀವು ಹೇಳಿ” ಎಂದೆ. “ಇಬ್ಬರೂ ಬರಲಿ, ಈ ಕಡೆ ಕಾಲಿಡಲಿ. ಆಮೇಲೆ ಅದೇ ಕ್ಯಾಮೆರಾಗಳ ಮುಂದೆ ಹೇಳಿ, ಮೂರನೆಯವನೊಬ್ಬ ಇದ್ದಾನೆ, ಅವನೂ ನಮ್ಮವನೇ, ನಾನೇ ಕಳಿಸಿದ್ದು ಅಂತ. ಆಗ ಯಾರಿಗೂ ಏನೂ ಮುರಿಯೋದಿಲ್ಲ.”

ಸಂಪಾದಕರು ಬೆಂಚಿನ ಮೇಲಿದ್ದ ಮೊಲನ ಎರಡು ಅಚ್ಚುಗಳನ್ನು ನೋಡಿದರು. ಒಂದನ್ನು ಕೈಗೆತ್ತಿಕೊಂಡು ಹಲ್ಲುಗಳ ಮೇಲೆ ಬೆರಳಾಡಿಸಿದರು. ಅವರ ಕಣ್ಣಿಂದ ನೀರು ಇಳಿಯಿತು. ಅದು ನಾಟಕವಾಗಿರಲಿಲ್ಲ ಎಂದು ಈಗಲೂ ನನಗನಿಸುತ್ತದೆ, ಅದೇ ನನಗೆ ಬಗೆಹರಿಯದ ವಿಷಯ.

“ಹೇಳ್ತೀನಿ” ಎಂದರು. “ಶುಕ್ರವಾರ ಹೇಳ್ತೀನಿ. ನಿಮ್ಮಮ್ಮನ ಕೈಯಲ್ಲಿ ಉಂಡಿದ್ದೀನಿ, ಮಾತು ತಪ್ಪೋದಿಲ್ಲ. ಆದ್ರೆ ಈ ಬಾಯಲ್ಲಿ ಹೇಗಮ್ಮ ಹೇಳಲಿ? ನಾಲ್ಕು ಮಾತಾಡೋದ್ರೊಳಗೆ ಜನ ನಗ್ತಾರೆ.”

“ಹಲ್ಲು ನಾನು ಕೊಡ್ತೀನಿ. ಮಾತು ನೀವು ಕೊಡಿ.”

ಗುರುವಾರ ಬೆಳಗ್ಗೆಯಿಂದ ನಾನು ಬೆಂಚು ಬಿಟ್ಟು ಏಳಲಿಲ್ಲ. ಪ್ಲಾಸ್ಟರಿನ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ನಾಲ್ಕು ಹಲ್ಲು ನಿಲ್ಲಿಸಿದೆ. ಮುಂದಿನ ಹಲ್ಲು ಕೂದಲೆಳೆಯಷ್ಟು ಮುಂದೆ ಬಂದರೂ ‘ಫ’ ಸರಿಯಾಗಿ ಬರುವುದಿಲ್ಲ, ಹಿಂದೆ ಹೋದರೆ ‘ಸ’ ಅನ್ನುವಾಗ ಸೀಟಿ ಹೊಡೆದ ಹಾಗಾಗುತ್ತದೆ. ಮಧ್ಯಾಹ್ನ ಅವರನ್ನು ಕರೆಸಿ, ಮೇಣದ ಸೆಟ್ಟು ಬಾಯಿಗಿಟ್ಟು, ಇಂಗ್ಲಿಷಿನಲ್ಲಿ ಐವತ್ತರಿಂದ ಅರವತ್ತರವರೆಗೆ ಎಣಿಸಲು ಹೇಳಿದೆ. ಫಿಫ್ಟಿ ಸಿಕ್ಸಿಗೆ ಗಾಳಿ ಹೋಯಿತು. ಒಂದು ಹಲ್ಲನ್ನು ತುಸು ತಿರುಗಿಸಿದೆ. ಮತ್ತೆ ಎಣಿಸಿದರು, ಸರಿಹೋಯಿತು. ‘ಅವನೂ ನಮ್ಮವನೇ ಅನ್ನಿ ನೋಡೋಣ’ ಎಂದೆ. ‘ಅವನೂ ನಮ್ಮವನೇ’ ಎಂದರು. ಸ್ಪಷ್ಟವಾಗಿ ಬಂತು. ‘ಇನ್ನೊಂದು ಸಲ’ ಎಂದೆ. ಇನ್ನೊಂದು ಸಲವೂ ಅಂದರು. ಡಾಕ್ಟರಮ್ಮ ಬಾಗಿಲಲ್ಲಿ ಇಣುಕಿ, ‘ಇದೇನ್ರೀ ಹೊಸ ಪಾಠ’ ಎಂದು ನಕ್ಕು ಹೋದರು.

ಮೇಣ ಕರಗಿಸಿ, ಆ ಜಾಗಕ್ಕೆ ಒಸಡಾಗುವ ಗುಲಾಬಿ ಹಿಟ್ಟು ತುಂಬಿ, ಬೇಯಿಸಿ, ಆರಿಸಿ, ಒಡೆದು ತೆಗೆದೆ. ಆಮೇಲೆ ಉಜ್ಜಲು ಕೂತೆ. ಒಸಡಿಗೆ ಎಲ್ಲೂ ಚುಚ್ಚಬಾರದು, ನಾಲಿಗೆಗೆ ಎಲ್ಲೂ ತಡೆಯಾಗಬಾರದು, ಮಾತು ಎಲ್ಲೂ ತಡವರಿಸಬಾರದು. ನನ್ನ ಮನಸ್ಸಿನಲ್ಲಿದ್ದುದು ಅದೊಂದೇ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಒಳ್ಳೆಯ ಸೆಟ್ಟನ್ನು ನಾನು ಮಾಡಿರಲಿಲ್ಲ. ಬಣ್ಣ ಕೂಡ ಅವರ ಪಕ್ಕದ ಹಲ್ಲಿಗೆ ಎಷ್ಟು ಕೂಡಿತ್ತೆಂದರೆ ಸ್ವಂತ ಹಲ್ಲೆಂದರೆ ನಾನೇ ನಂಬಬೇಕು. ಸಂಜೆ ಆರಕ್ಕೆ ಬಂದು ಹಾಕಿಕೊಂಡು, ಕನ್ನಡಿಯಲ್ಲಿ ನೋಡಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು.

ಶುಕ್ರವಾರ ಮಧ್ಯಾಹ್ನ ಟಿವಿಯಲ್ಲಿ ತೋರಿಸಿದರು. ಅಮ್ಮ ಬೆಳಗ್ಗೆಯೇ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಮುಂದೆ ಕೂತಿದ್ದಳು. ಬುಧವಾರದಿಂದಲೂ ಅವಳಿಗೆ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ, ಸಂಪಾದಕರು ಮಾತಾಡಿದ ಮೇಲೆ ಹೇಳಿದರೆ ಸ್ವಲ್ಪವಾದರೂ ಆಸೆಯ ಜೊತೆ ಹೇಳಿದ ಹಾಗಾಗುತ್ತದೆ ಎಂದು ಮುಚ್ಚುತ್ತಿದ್ದೆ.

ವಿಮಾನ ನಿಲ್ದಾಣದ ಹೊರಗೆ ಒಂದು ಉದ್ದ ಮೇಜು, ಅದರ ತುಂಬ ಮೈಕುಗಳು. ಹಿರಿಯ ವರದಿಗಾರ ಕೋಲಿನ ಹಾಗೆ ಒಣಗಿಹೋಗಿದ್ದ. ಫೋಟೋದವನು ಮಗಳನ್ನು ಎದೆಗವಚಿಕೊಂಡು ಸುಮ್ಮನೆ ಅಳುತ್ತಿದ್ದ, ಪಕ್ಕದಲ್ಲಿ ಅವನ ಹೆಂಡತಿ. ಅವಳನ್ನು ನೋಡಿ ನನಗೂ ಕಣ್ಣು ತುಂಬಿತು. ಸುಮ್ಮನಿದ್ದದ್ದಕ್ಕೆ ಇಷ್ಟಾದರೂ ಆಯಿತಲ್ಲ ಅನಿಸಿತು. ಮಧ್ಯದಲ್ಲಿ ಸಂಪಾದಕರು ನಿಂತಿದ್ದರು, ಹಿಂದಿನ ಸಾಲಿನಲ್ಲಿ ಮೆತ್ತನೆ ಸಾಹೇಬರು.

ಸಂಪಾದಕರು ಮೈಕಿನ ಹತ್ತಿರ ಬಂದರು. ನಾನು ಕುರ್ಚಿಯ ತುದಿಗೆ ಬಂದೆ.

“ಒಂಬತ್ತು ತಿಂಗಳ ಕಾಲ ಸದ್ದಿಲ್ಲದೆ ಶ್ರಮಿಸಿದ ಸರ್ಕಾರಕ್ಕೂ ಅಧಿಕಾರಿಗಳಿಗೂ ಪತ್ರಿಕೆಯ ಪರವಾಗಿ ಕೃತಜ್ಞತೆ ಸಲ್ಲಿಸುತ್ತೇನೆ” ಎಂದರು. ಒಂದು ‘ಸ’ದಲ್ಲೂ ಗಾಳಿ ಹೋಗಲಿಲ್ಲ. ಇಬ್ಬರ ಹೆಸರನ್ನೂ ಹೇಳಿ ಬೆನ್ನು ತಟ್ಟಿದರು. ನಾನು ಕಾಯುತ್ತಿದ್ದೆ. ಅವರು ನೀರು ಕುಡಿದರು. ಈಗ ಹೇಳುತ್ತಾರೆ ಎಂದುಕೊಂಡೆ. ಗುಂಪಿನಲ್ಲಿ ಒಂದು ಹೆಣ್ಣು ದನಿ ಎದ್ದಿತು, ನನ್ನ ಕೋಣೆಗೆ ಬಂದಿದ್ದ ಆ ವರದಿಗಾರ್ತಿಯೇ.

“ಸರ್, ಅಲ್ಲಿ ಇನ್ನೂ ಯಾರಾದ್ರೂ ಉಳಿದಿದ್ದಾರಾ?”

ದಾರಿ ಅವಳೇ ಮಾಡಿಕೊಟ್ಟಿದ್ದಳು. ನಡೆದು ಹೋಗುವುದಷ್ಟೇ ಬಾಕಿ. ಮೆತ್ತನೆ ಸಾಹೇಬರು ಹಿಂದಿನಿಂದ ಒಂದು ಹೆಜ್ಜೆ ಮುಂದೆ ಬಂದರು. ಸಂಪಾದಕರು ಆ ಕಡೆ ತಿರುಗಿ ನೋಡಲೂ ಇಲ್ಲ. ಕ್ಯಾಮೆರಾವನ್ನೇ ನೋಡಿ ನಕ್ಕರು. ನಾಲ್ಕೂ ಹಲ್ಲು ಸಾಲಾಗಿ ಕಂಡವು.

“ಇಲ್ಲ” ಎಂದರು. “ನಮ್ಮವರೆಲ್ಲರೂ ಬಂದರು.”

ಅಮ್ಮ ಎದ್ದೇಬಿಟ್ಟಳು. “ಕೇಳಿದ್ಯೇನೇ? ಎಲ್ಲರೂ ಬಂದ್ರಂತೆ! ಮೊಲ ಎಲ್ಲಿ, ಕಾಣಿಸ್ಲೇ ಇಲ್ಲ? ಹಿಂದೆ ಎಲ್ಲೋ ನಿಂತಿರ್ತಾನೆ, ಯಾವತ್ತೂ ಹಿಂದೇನೇ ನಿಲ್ಲೋದು ಅವನು.”

ಸೆರಗು ಸರಿಮಾಡಿಕೊಂಡು ಹೋಗಿ ಬಾಗಿಲ ಚಿಲಕ ತೆಗೆದಳು. ಬೀದಿಯ ಆ ತುದಿಯವರೆಗೂ ಇಣುಕಿ ನೋಡಿದಳು. ತಿರುವಿನಲ್ಲಿ ನಿಂತ ಬಸ್ಸು, ಎದುರು ಮನೆಯವರು ಒಣಹಾಕಿದ ಬಟ್ಟೆ, ಬೇರೇನೂ ಇರಲಿಲ್ಲ.

“ಅಮ್ಮ, ಬಾ ಒಳಗೆ” ಎಂದೆ. “ಅವನು ಬಂದಿಲ್ಲ.”

“ಏನು ಹಾಗಂದ್ರೆ? ಎಲ್ಲರೂ ಬಂದ್ರು ಅಂತ ಅವರೇ ಹೇಳಿದ್ರಲ್ಲೇ.”

“ಸುಳ್ಳು ಹೇಳಿದ್ರು.”

ಅಮ್ಮ ನನ್ನನ್ನು ಕೋಪದಿಂದ ನೋಡಿದಳು. “ಬಾಯಿಗೆ ಬಂದ ಹಾಗೆ ಮಾತಾಡ್ಬೇಡ. ನಮ್ಮನೇಲಿ ಉಂಡ ಮನುಷ್ಯ ಅವರು. ಎಷ್ಟು ಸ್ಪಷ್ಟವಾಗಿ ಹೇಳಿದ್ರು, ನನಗೇ ಒಂದೊಂದು ಮಾತೂ ಕೇಳಿಸ್ತು. ನಿನಗೆ ಕೇಳಿಸ್ಲಿಲ್ವಾ?”

ಕೇಳಿಸಿತ್ತು. ಅಮ್ಮನ ಮಂದ ಕಿವಿಗೂ ಕೇಳಿಸುವ ಹಾಗೆ ಗುರುವಾರ ಇಡೀ ದಿನ ಕೂತು ಉಜ್ಜಿದವಳು ನಾನೇ ತಾನೆ.

ಅವಳು ಬಾಗಿಲಲ್ಲೇ ನಿಂತಿದ್ದಳು. ನಾನು ಚಪ್ಪಲಿ ಮೆಟ್ಟಿ, ಅವಳ ಪಕ್ಕದಿಂದ ಇಳಿದು ಕ್ಲಿನಿಕ್ಕಿನ ಕಡೆ ನಡೆದೆ. ಮೊಲನ ಎರಡೂ ಅಚ್ಚುಗಳನ್ನು ಟವೆಲಿನಲ್ಲಿ ಸುತ್ತಿದೆ. ಸ್ಪಿರಿಟ್ ದೀಪವನ್ನು ಎತ್ತಿ ಅಡಿಯಲ್ಲಿದ್ದ ಆ ವರದಿಗಾರ್ತಿಯ ಕಾರ್ಡು ತೆಗೆದುಕೊಂಡೆ. ಒಂದು ಮೂಲೆ ಸುಟ್ಟಿತ್ತು, ನಂಬರು ಉಳಿದಿತ್ತು. ಫೋನು ಮಾಡಿದೆ. ಆ ಕಡೆ ಅವಳೇ ಎತ್ತಿ ಯಾರು ಎಂದು ಕೇಳಿದಳು.

“ಅಲ್ಲಿ ಇನ್ನೂ ಯಾರಾದ್ರೂ ಉಳಿದಿದ್ದಾರಾ ಅಂತ ಕೇಳಿದ್ಯಲ್ಲಮ್ಮ” ಎಂದೆ. “ಉಳಿದಿರೋನ ಅಕ್ಕ ನಾನು.”